ಹುಣ್ಣಿಮೆಗೂ ಕೂಗದವರು

ಶನಿವಾರವಾಡೆಯ ದಿಲ್ಲಿ ದರವಾಜೆಯ ಮುಂದೆ ನಿಂತು ನಮ್ಮ ಚಿಗವ್ವ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮೊಳೆ ಎಣಿಸತೊಡಗಿದಳು. ಕಣ್ಣಿನ ಪೊರೆ ತೆಗೆಸಿಕೊಂಡು ಆಗ ಮೂರು ವಾರವಾಗಿತ್ತು. ಅದಕ್ಕೆಂದೇ ವಿಜಯಪುರದಿಂದ ಪುಣೆಗೆ ಬಂದು ಕೋಥರೂಡಿನ ನನ್ನ ಮನೆಯಲ್ಲಿ ಇಳಿದುಕೊಂಡಿದ್ದಳು. ಹೊಸ ಕಣ್ಣು ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂದು ಕಂಡಕಂಡಲ್ಲಿ ಪರೀಕ್ಷೆ ನಡೆಸುವುದು ಅವಳ ಹೊಸ ಚಟ. ಎದುರು ಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಆಯಿತು, ಬಸ್ಸಿನ ನಂಬರು ಆಯಿತು, ಈಗ ಮರಾಠಾ ರಾಜ್ಯದ ಪ್ರಧಾನಿಯಾದ ಪೇಶ್ವೆಯ ಬಾಗಿಲು. ಆನೆ ಹಣೆಯಿಂದ ಗುದ್ದಿ ಒಡೆಯದಿರಲಿ ಎಂದು ಬಡಿದ ಗೇಣುದ್ದದ ಕಬ್ಬಿಣದ ಮೊಳೆಗಳು ಅವು. ಅಡ್ಡ ಇಷ್ಟು, ಉದ್ದ ಇಷ್ಟು ಎಂದು ಗುಣಿಸಿ ಮುಗಿಸುವವಳಲ್ಲ ಅವಳು. ಒಂದೊಂದನ್ನೇ ಎಣಿಸಿ, "ಒಂದು ಕದಕ್ಕೆ 72" ಎಂದಳು. ಸರಿಯಾಗಿಯೇ ಇತ್ತು.

ಪುಣೆಯ ಕನ್ನಡಿಗರ ಮನೆಗೆ ಊರಿನಿಂದ ಯಾರೇ ಬರಲಿ, ಎರಡನೆಯ ದಿನ ದಗಡೂಶೇಟ್ ಗಣಪತಿ, ಅಲ್ಲಿಂದ ನಡೆದುಕೊಂಡೇ ಶನಿವಾರವಾಡೆ. ಇಪ್ಪತ್ತೆರಡು ವರ್ಷದಿಂದ ಈ ಊರಿನಲ್ಲಿರುವ ನಾನು ಎಷ್ಟು ಮಂದಿ ನೆಂಟರನ್ನು ಆ ಬಾಗಿಲೊಳಗೆ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಒಳಗೆ ಹೋದವರಿಗೆಲ್ಲ ಒಂದೇ ನಿರಾಸೆ: "ಅರಮನೆ ಎಲ್ಲಿದೆ?" ಅರಮನೆ ಇಲ್ಲ. ಪೇಶ್ವೆ ಬಾಜೀರಾವ್ 1730ರಲ್ಲಿ ಅಡಿಗಲ್ಲು ಹಾಕಿಸಿ, 1732ರಲ್ಲಿ ಗೃಹಪ್ರವೇಶ ಮಾಡಿದ ಮರದ ಮಹಲುಗಳೆಲ್ಲ 1828ರ ಬೆಂಕಿಯಲ್ಲಿ ಬೂದಿಯಾದವು. ಉಳಿದದ್ದು ಕೋಟೆಯ ಗೋಡೆ, ಕಲ್ಲಿನ ಪಾಯ, ನೀರಿಲ್ಲದ ಕಾರಂಜಿ, ಹುಲ್ಲುಹಾಸು. ಆಗ ನಾವೆಲ್ಲ ಮಾಡುವ ಉಪಾಯ ಒಂದೇ. ಕಟ್ಟಡ ತೋರಿಸಲಾಗದ ಕಡೆ ದೆವ್ವ ತೋರಿಸುತ್ತೇವೆ.

ಕಥೆ ಹೇಳಿದೆ. ಹುಣ್ಣಿಮೆಯ ರಾತ್ರಿ ಇಲ್ಲಿ ಒಬ್ಬ ಹುಡುಗ "ಕಾಕಾ, ಮಲಾ ವಾಚವಾ", ಚಿಕ್ಕಪ್ಪಾ ನನ್ನನ್ನು ಉಳಿಸು, ಎಂದು ಕೂಗುತ್ತಾ ಓಡುತ್ತಾನಂತೆ. ಚಿಗವ್ವನಿಗೆ ಅನುವಾದ ಬೇಕಾಗಲಿಲ್ಲ. ನಮ್ಮ ವಿಜಯಪುರದ ಕಡೆಯೂ ಕಾಕಾ ಎಂದರೆ ಕಾಕಾ. ಹುಡುಗನ ಹೆಸರು ನಾರಾಯಣರಾವ್. ಹದಿನೇಳು ತುಂಬಿದಾಗ ಪೇಶ್ವೆಯಾದ, ಹದಿನೆಂಟು ತುಂಬಿ ಕೆಲವೇ ದಿನಗಳಿಗೆ, 1773ರ ಆಗಸ್ಟ್ 30ರಂದು, ಗಣಪತಿಯ ಹಬ್ಬದ ಸಡಗರದ ನಡುವೆ ಕೊಲೆಯಾದ. ಸಂಬಳದ ಬಾಕಿ ಕೇಳುವ ನೆಪದಲ್ಲಿ ಗಾರ್ದಿಗಳು, ಅಂದರೆ ಕಾವಲಿನ ಕೂಲಿ ಸಿಪಾಯಿಗಳು, ಒಳನುಗ್ಗಿದರು, ಮುಂದಾಳು ಸುಮೇರ್ ಸಿಂಗ್. ಹುಡುಗ ಓಡಿ ಚಿಕ್ಕಪ್ಪ ರಘುನಾಥರಾವ್‌ನ ಸೊಂಟ ಹಿಡಿದುಕೊಂಡ. ಚಿಕ್ಕಪ್ಪ ಬಿಡಿಸಲಿಲ್ಲ.

ಇಲ್ಲಿ ಒಂದು ಮಾತು. ಕೂಗು ಕೇಳಿಸುವುದು ನಡುರಾತ್ರಿ ಎನ್ನುತ್ತಾರೆ. ಕೊಲೆ ನಡೆದದ್ದು ಹಾಡುಹಗಲು, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ. ದೆವ್ವದ ಕಥೆಗೆ ಬಿಸಿಲು ಒಗ್ಗುವುದಿಲ್ಲ, ಅದಕ್ಕೆ ಹುಣ್ಣಿಮೆಗೆ ಸಾಗಿಸಿದ್ದಾರೆ. ಅಂದು ಸತ್ತವನು ನಾರಾಯಣರಾವ್ ಒಬ್ಬನೇ ಅಲ್ಲ. ಅವನ ಮೈಮೇಲೆ ಬಿದ್ದು ಕಾಪಾಡಲು ಹೋದ ಸೇವಕ ಚಾಪಾಜಿ ಟಿಳೇಕರ್ ಸತ್ತ. ಅಡ್ಡ ಸಿಕ್ಕಿದ ಬ್ರಾಹ್ಮಣರು ಸತ್ತರು. ಇಬ್ಬರು ದಾಸಿಯರು ಸತ್ತರು. ಒಂದು ಹಸುವೂ ಸತ್ತಿತು. ಹಸುವನ್ನು ಕೊಂದದ್ದಕ್ಕೆ ಊರು ಹೌಹಾರಿತು. ದಾಸಿಯರದು ಬರಿಯ ಲೆಕ್ಕ: ಎರಡು.

"ಯಾರು ಹೇಳಿ ಕೊಲ್ಲಿಸಿದ್ದು?" ಎಂದಳು ಚಿಗವ್ವ.

ಅದಕ್ಕೆ ಪುಣೆಯ ಬಳಿ ಸಿದ್ಧ ಉತ್ತರವಿದೆ, ನಮ್ಮ ಪಕ್ಕದಲ್ಲೇ ನಿಂತಿದ್ದ ಒಬ್ಬರು ಮರಾಠಿಯಲ್ಲಿ ತಾವಾಗಿಯೇ ಹೇಳಿಬಿಟ್ಟರು. ರಘುನಾಥರಾವ್ ಬರೆದ ಕಾಗದದಲ್ಲಿ ಇದ್ದದ್ದು 'ಧರಾವೆ', ಅಂದರೆ ಹಿಡಿಯಿರಿ. ಅವನ ಹೆಂಡತಿ ಆನಂದೀಬಾಯಿ 'ಧ' ತಿದ್ದಿ 'ಮಾ' ಮಾಡಿದಳು. 'ಮಾರಾವೆ' ಆಯಿತು, ಕೊಲ್ಲಿರಿ. ಮರಾಠಿಯಲ್ಲಿ ಇಂದಿಗೂ ಹೇಳಿದ್ದನ್ನು ತಿರುಚಿ ಕೆಡಿಸಿದರೆ "ಧ ಚಾ ಮಾ ಮಾಡಿದ" ಎನ್ನುತ್ತಾರೆ. ಚಿಗವ್ವನಿಗೆ ಇದನ್ನು ಹೇಗೆ ತಿಳಿಸುವುದೆಂದು ನಾನು ಯೋಚಿಸುತ್ತಿರುವಾಗಲೇ ಅವಳು ಅರ್ಥಮಾಡಿಕೊಂಡು ಕನ್ನಡಕ್ಕೂ ತಂದಳು: "ಹಿಡಿ ಎನ್ನುವುದನ್ನು ಕಡಿ ಮಾಡಿದಳು ಅನ್ನು." ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೊಳೆಯದ ಅನುವಾದ ಅದು.

ಆ ತಿದ್ದಿದ ಕಾಗದದ ಕಥೆಯನ್ನು ನಾನು ನಂಬುವುದಿಲ್ಲ. ಕೊಲೆಯ ವಿಚಾರಣೆ ನಡೆಸಿದ ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಬೆರಳು ತೋರಿಸಿದ್ದು ರಘುನಾಥರಾವ್‌ನ ಕಡೆಗೆ. ಪೇಶ್ವೆಯ ಗಾದಿಯ ಮೇಲೆ ಕುಳಿತವನ ಮುಖಕ್ಕೇ, ಈ ಪಾಪಕ್ಕೆ ಪ್ರಾಣ ತೆತ್ತರೆ ಮಾತ್ರ ಪ್ರಾಯಶ್ಚಿತ್ತ ಎಂದು ಹೇಳಿ ಪುಣೆ ಬಿಟ್ಟು ಹೊರಟುಹೋದವರು ಅವರು. ಶಾಸ್ತ್ರಿಗಳಿಗೆ ಕಂಡ ತಪ್ಪು ಗಂಡನದು; ಊರಿಗೆ ನೆನಪಿರುವುದು ಹೆಂಡತಿಯ ಒಂದು ಅಕ್ಷರ. ರಘುನಾಥರಾವ್ 1783ರಲ್ಲಿ ಸತ್ತ ಮೇಲೆ ಆನಂದೀಬಾಯಿ ಕೋಪರಗಾಂವದಲ್ಲೂ ನಾಶಿಕದ ಬಳಿಯ ಆನಂದವಲ್ಲಿಯಲ್ಲೂ ಮಕ್ಕಳನ್ನು ಕಟ್ಟಿಕೊಂಡು ಕಾವಲಿನಲ್ಲಿ ದಿನ ಕಳೆದು 1794ರಲ್ಲಿ ತೀರಿಕೊಂಡಳು. ಅವಳು ದೆವ್ವವಾಗಲಿಲ್ಲ. ಗಾದೆಯಾದಳು.

ಚಿಗವ್ವ ಕಾರಂಜಿಯ ಕಟ್ಟೆಯ ಮೇಲೆ ಕುಳಿತು ಕಪ್ಪು ಕನ್ನಡಕವನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಕೇಳಿದಳು: "ಹುಡುಗನಿಗೆ ಮದುವೆಯಾಗಿತ್ತೇ?"

ಆಗಿತ್ತು ಎಂದೆ. ಹೆಂಡತಿ ಗಂಗಾಬಾಯಿ, ಆಗ ಬಸುರಿ.

"ಮತ್ತೆ ಅವಳು ಕೂಗುವುದಿಲ್ಲವೇ?"

ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ. ಗಂಗಾಬಾಯಿಯನ್ನು ಬಾರಭಾಯಿ ಎಂದು ಹೆಸರಾದ ಮುತ್ಸದ್ದಿಗಳ ಕೂಟ ಪುರಂದರ ಕೋಟೆಗೆ ಸಾಗಿಸಿತು. ಇಡೀ ಮರಾಠಾ ರಾಜ್ಯ ಅವಳ ಹೊಟ್ಟೆಯನ್ನು ನೋಡುತ್ತಾ ಕುಳಿತಿತ್ತು. ಹುಟ್ಟುವುದು ಹೆಣ್ಣಾದರೆ ಏನು ಗತಿ ಎಂದು ಇನ್ನೂ ಕೆಲವು ಬಸುರಿಯರನ್ನು ಜೊತೆಗೆ ಕೋಟೆ ಹತ್ತಿಸಿದ್ದಾರೆ ಎಂಬ ವದಂತಿಯೂ ಹರಡಿತ್ತು. 1774ರ ಏಪ್ರಿಲ್ 18ರಂದು ಗಂಡು ಹುಟ್ಟಿತು, ಸವಾಯಿ ಮಾಧವರಾವ್. ನಲವತ್ತು ದಿನದ ಕೂಸಿಗೆ ಪೇಶ್ವೆಯ ಪಟ್ಟವಾಯಿತು. ತಾಯಿ 1777ರಲ್ಲಿ ಸತ್ತಳು. ಅಷ್ಟೇ. ಗಂಡ ಕೂಗುವ ಜಾಗಕ್ಕೆ ಟಿಕೆಟ್ ಕೊಟ್ಟು ಹೋಗುತ್ತೇವೆ, ಅವಳ ಹೆಸರಿನಲ್ಲಿ ಒಂದು ಪಿಸುಮಾತೂ ಇಲ್ಲ.

ಮರಾಠಿಯಲ್ಲಿ ದೆವ್ವಗಳಿಗೆ ಕೊರತೆ ಇದೆ ಎಂದಲ್ಲ. ಜನನ ಮರಣ ನೋಂದಣಿ ಕಚೇರಿಯಷ್ಟು ಅಚ್ಚುಕಟ್ಟಾದ ವಿಂಗಡಣೆ ಅವರದು. ಮುಂಜಿಯಾಗಿ ಮದುವೆಯಾಗದೆ ಸತ್ತ ಹುಡುಗ ಮುಂಜಾ, ಅವನ ವಿಳಾಸ ಅರಳಿಮರ. ಮುತ್ತೈದೆಯಾಗಿ ಸತ್ತವಳು ಜಖೀಣ್. ಬಸುರಿ, ಬಾಣಂತಿ ಸತ್ತರೆ ಹಡಳ್. ನಮ್ಮ ಕಡೆ ಇಷ್ಟು ಶಿಸ್ತಿಲ್ಲ. ಗಾಳಿ ಸೋಕಿದೆ ಎಂದರೆ ಮುಗಿಯಿತು, ಯಾವ ಗಾಳಿ ಎಂದು ಯಾರೂ ಕೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರುಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಸಿದ ಮೋಹಿನಿಗೂ ಹೆಸರಿರಲಿಲ್ಲ, ಆದರೆ ಕನ್ನಡ ಓದಲು ಬರುತ್ತಿತ್ತು. ಇಂದಿನ ಮಟ್ಟಿಗೆ ಅದೂ ದೊಡ್ಡದೇ.

ಇನ್ನು ಗಂಗಾಬಾಯಿಯ ಓರಗಿತ್ತಿ. ನಾರಾಯಣರಾವ್‌ನ ಅಣ್ಣ ಮಾಧವರಾವ್ ಪೇಶ್ವೆ ಕ್ಷಯದಿಂದ ನರಳಿ 1772ರ ನವೆಂಬರ್ 18ರಂದು ಥೇವೂರಿನಲ್ಲಿ ತೀರಿಕೊಂಡ. ಹೆಂಡತಿ ರಮಾಬಾಯಿ ಅಲ್ಲೇ ಸಹಗಮನ ಮಾಡಿದಳು. ಪುಣೆಯಿಂದ ಇಪ್ಪತ್ತೈದು ಕಿಲೋಮೀಟರ್ ಇರಬಹುದು, ಅಷ್ಟವಿನಾಯಕದಲ್ಲಿ ಒಂದಾದ ಚಿಂತಾಮಣಿಯ ಊರು. ಗಣಪತಿಯ ದರ್ಶನಕ್ಕೆ ಹೋದವರು ನದಿಯ ದಂಡೆಗೆ ಹೋಗಿ ಅವಳ ಸ್ಮಾರಕಕ್ಕೂ ಹೂವು ಏರಿಸಿ ಬರುತ್ತಾರೆ. ಅಲ್ಲಿ ನಿಂತಾಗ ನಮ್ಮ ಊರುಗಳ ಮಾಸ್ತಿಕಲ್ಲು ನೆನಪಾಗದೆ ಇರುವುದಿಲ್ಲ. ಮಡಿಸಿ ಮೇಲೆತ್ತಿದ ತೋಳು, ಮೊಣಕೈತನಕ ಬಳೆ. ಬೆಂಕಿಗೆ ಹೋದವಳಿಗೆ ಕಲ್ಲು, ಕುಂಕುಮ, ಹೂವು. ಅವಳ ವಿಚಾರದಲ್ಲಿ ದೆವ್ವ ಎಂಬ ಮಾತನ್ನು ಯಾರೂ ಎತ್ತುವುದಿಲ್ಲ, ನಾಲಿಗೆ ಸುಟ್ಟೀತು. ಹತ್ತು ತಿಂಗಳಲ್ಲಿ ವಿಧವೆಯಾದ ಇಬ್ಬರು ಓರಗಿತ್ತಿಯರಲ್ಲಿ ಒಬ್ಬಳು ಹೀಗೆ ದೇವಿಯಾದಳು, ಇನ್ನೊಬ್ಬಳು ಮಗು ಹೆತ್ತು ಕಾಣೆಯಾದಳು.

ದೆವ್ವವಾಗುವ ಅದೃಷ್ಟ ಯಾರದು ಹಾಗಾದರೆ? ಚೆಲುವೆಯರದು ಎಂದು ನನ್ನ ಅನುಮಾನ.

ಮಸ್ತಾನಿಯನ್ನೇ ನೋಡಿ. ಬುಂದೇಲಖಂಡದ ಛತ್ರಸಾಲನ ಮಗಳು, ಬಾಜೀರಾವ್‌ನ ಎರಡನೆಯ ಹೆಂಡತಿ. ಕತ್ತಿ ಹಿಡಿಯಬಲ್ಲವಳು, ಕುದುರೆ ಏರಬಲ್ಲವಳು. ಪುಣೆಯ ಬಾಯಲ್ಲಿ ಉಳಿದದ್ದು ಮಾತ್ರ ತಾಂಬೂಲದ ರಸ ಗಂಟಲಲ್ಲಿ ಕೆಂಪಗೆ ಇಳಿಯುವುದು ಹೊರಗಿನಿಂದ ಕಾಣುತ್ತಿತ್ತು ಎಂಬ ಬಣ್ಣದ ಕಥೆ. ಬಾಜೀರಾವ್ ದಂಡಿನ ಮೇಲೆ ಹೋಗಿದ್ದಾಗ ಮನೆಯವರು ಅವಳನ್ನು ಸೆರೆಯಲ್ಲಿಟ್ಟರು. ಅವನು 1740ರ ಏಪ್ರಿಲ್ 28ರಂದು ನರ್ಮದೆಯ ದಂಡೆಯ ರಾವೇರಖೇಡಿಯಲ್ಲಿ ಜ್ವರದಿಂದ ಸತ್ತ. ಸುದ್ದಿ ತಲುಪಿದ ಕೆಲವೇ ದಿನಗಳಲ್ಲಿ ಅವಳೂ ಸತ್ತಳು. ಉಂಗುರದ ವಿಷ ಎನ್ನುವವರಿದ್ದಾರೆ, ಚಿತೆ ಎನ್ನುವವರಿದ್ದಾರೆ, ಎದೆ ಒಡೆಯಿತು ಎನ್ನುವವರೂ ಇದ್ದಾರೆ. ಪಾಬಳ ಎಂಬ ಹಳ್ಳಿಯಲ್ಲಿ ಅವಳ ಗೋರಿ ಇದೆ. ಕೆಲವರಿಗೆ ಅದು ಮಜಾರ್, ಕೆಲವರಿಗೆ ಸಮಾಧಿ.

ಅವಳಿಗಾಗಿ ಕಟ್ಟಿಸಿದ ಮಹಲು ಇದ್ದದ್ದು ನಮ್ಮ ಕೋಥರೂಡಿನಲ್ಲಿ, ಆಗ ಅದು ಊರ ಹೊರಗಿನ ಹಳ್ಳಿ. ಪಾಳುಬಿದ್ದ ಆ ಮಹಲಿನ ಮರದ ಕಂಬ, ತೊಲೆ, ಕೆತ್ತನೆಗಳನ್ನು ಬಿಡಿಸಿ ತಂದು ಬಾಜೀರಾವ್ ರಸ್ತೆಯ ಬಳಿಯ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಜೋಡಿಸಿದ್ದಾರೆ. ಏಳು ವರ್ಷಕ್ಕೆ ತೀರಿಕೊಂಡ ಮಗ ರಾಜಾನ ನೆನಪಿಗೆ ದಿನಕರ ಕೇಳ್ಕರ್ ಜೀವಮಾನವಿಡೀ ದೀಪ, ಅಡಕತ್ತರಿ, ಬಾಗಿಲು, ವಾದ್ಯ ಎಂದು ಒಂದೊಂದೇ ಕೂಡಿಹಾಕಿದ ಮನೆ ಅದು. ಚಿಗವ್ವ ಅಡಕತ್ತರಿಗಳ ಮುಂದೆ ಅರ್ಧ ಗಂಟೆ ನಿಂತಳು. ಮಸ್ತಾನಿಯ ಕೋಣೆಯಲ್ಲಿ ಎರಡು ನಿಮಿಷ.

ಆ ಎರಡು ನಿಮಿಷದಲ್ಲಿ ನನಗೆ ಬಂದ ಯೋಚನೆ ತೀರ ಲೌಕಿಕದ್ದು. ಮನೆಯನ್ನು ಹೀಗೆ ಕಿತ್ತು ಬೇರೆಡೆ ನೆಟ್ಟರೆ ಅದರ ದೆವ್ವ ಏನು ಮಾಡಬೇಕು? ಮರದ ಜೊತೆ ಬಾಜೀರಾವ್ ರಸ್ತೆಗೆ ಬರಬೇಕೋ, ನೆಲ ಬಿಡದೆ ಕೋಥರೂಡಿನಲ್ಲೇ ಇರಬೇಕೋ? ಅಲ್ಲೇ ಉಳಿದಿದ್ದರೆ ಈಗ ಅವಳ ಅಂಗಳದಲ್ಲಿ ಒಂದರ ಮೇಲೊಂದು ಫ್ಲ್ಯಾಟು. ಪಾರ್ಕಿಂಗ್ ವಿಚಾರಕ್ಕೆ ನಡೆಯುವ ಜಗಳದ ಮಧ್ಯೆ ಗೆಜ್ಜೆಯ ಸದ್ದು ಯಾರಿಗೆ ಕೇಳಿಸಬೇಕು. ಹಾಗೆ ನೋಡಿದರೆ ಪುಣೆಯಲ್ಲಿ ಅವಳು ದಿನವೂ ಕಾಣಿಸಿಕೊಳ್ಳುವುದು ಗಾಜಿನ ಲೋಟದಲ್ಲಿ. ಗಟ್ಟಿ ಹಾಲು, ಮಾವಿನ ರಸ, ಮೇಲೆ ಒಂದು ಗುಡ್ಡೆ ಐಸ್‌ಕ್ರೀಮ್, ಚೂರು ಬಾದಾಮಿ. ಅದರ ಹೆಸರು ಮಸ್ತಾನಿ. ಊರಿಗೆ ಊರೇ ಸದಾಶಿವ ಪೇಟೆಯಲ್ಲಿ ಸಾಲುಗಟ್ಟಿ ನಿಂತು ಅವಳನ್ನು ಚಮಚದಲ್ಲಿ ತಿನ್ನುತ್ತದೆ. ಚಿಗವ್ವನಿಗೂ ಕೊಡಿಸಿದೆ. ತಳದವರೆಗೆ ಕೆರೆದು ತಿಂದು, "ಅವಳನ್ನು ಮನೆಗೆ ಸೇರಿಸಲಿಲ್ಲ ಎಂದೆಯಲ್ಲ, ಇದಕ್ಕೆ ಅವಳ ಹೆಸರು ಇಡಲು ಮಾತ್ರ ನಾಚಿಕೆಯಾಗಲಿಲ್ಲವೇ ಇವರಿಗೆ" ಎಂದಳು. ಇನ್ನೊಂದು ಬೇಕೇ ಎಂದರೆ ಬೇಡ ಎನ್ನಲಿಲ್ಲ.

ಗೋವೆಯ ವಿಷಯ ಚಿಗವ್ವನ ಮುಂದೆ ನಾನು ಎತ್ತುವುದಿಲ್ಲ. ಅದಕ್ಕೆ ಕಾರಣವಿದೆ. ಅವಳ ಗಂಡ, ನನ್ನ ಕಾಕಾ, ಮೂವತ್ತಮೂರು ವರ್ಷದ ಹಿಂದೆ ಮಳೆ ಕೈಕೊಟ್ಟ ವರ್ಷ ವಾಸ್ಕೋ ಬಂದರಿನಲ್ಲಿ ಕೂಲಿ ಕೆಲಸಕ್ಕೆಂದು ಹೋದರು. ಎರಡು ವರ್ಷ ಮನಿ ಆರ್ಡರ್ ಬಂತು, ಆಮೇಲೆ ನಿಂತಿತು. ಊರಿನ ಒಬ್ಬರು ಒಮ್ಮೆ ಬಂದು, ಅವರನ್ನು ಹೋಲುವವರನ್ನು ಬೈನಾ ಕಡೆ ನೋಡಿದೆ, ಬೇರೆ ಸಂಸಾರ ಇರಬಹುದು ಎಂದರು. ನಮ್ಮ ಅಪ್ಪ ಟಿಕೆಟ್ ತೆಗೆಸಿದರು. ಚಿಗವ್ವ ಹೊರಡಲಿಲ್ಲ. ಎಷ್ಟು ಹೇಳಿದರೂ ಹೊರಡಲಿಲ್ಲ. ಹಟಮಾರಿ ಎಂದು ಮನೆಯವರೆಲ್ಲ ಬೈದರು, ನಾನೂ ಮನಸ್ಸಿನಲ್ಲಿ ಬೈದೆ. ಹಣೆಯಲ್ಲಿ ಎಂಟಾಣೆ ಅಗಲದ ಕುಂಕುಮ ಅಂದಿನಿಂದ ಇಂದಿನವರೆಗೆ ಒಂದು ದಿನವೂ ತಪ್ಪಿಲ್ಲ. ಆಪರೇಷನ್ನಿನ ದಿನ ನರ್ಸ್ ಅದನ್ನು ಒರೆಸಬೇಕೆಂದಾಗ ಆದ ರಾದ್ಧಾಂತವನ್ನು ಇಲ್ಲಿ ಬರೆಯುವುದಿಲ್ಲ.

ನಾಲ್ಕು ವರ್ಷದ ಹಿಂದೆ ಗಂಡ, ಮಗಳ ಜೊತೆ ನಾನು ಗೋವೆಗೆ ಹೋಗಿದ್ದೆ. ದೋನಾ ಪಾವ್ಲಾದ ಜೆಟ್ಟಿಯಲ್ಲಿ ಟೋಪಿ ಮಾರುತ್ತಿದ್ದವರು ಬಾಗಲಕೋಟೆಯ ಕಡೆಯವರು. ನಾವು ಕನ್ನಡದಲ್ಲಿ ಚೌಕಾಸಿ ಮಾಡಿದ್ದನ್ನು ಕೇಳಿ ಟೋಪಿಗೆ ಇಪ್ಪತ್ತು ರೂಪಾಯಿ ಇಳಿಸಿದರು, ಕಥೆಯನ್ನು ಪುಕ್ಕಟೆ ಕೊಟ್ಟರು. ದೋನಾ ಪಾವ್ಲಾ ಎಂಬ ಪೋರ್ಚುಗೀಸ್ ದೊರೆಸಾನಿ ಗಾಸ್ಪರ್ ದಿಯಾಸ್ ಎಂಬ ಬೆಸ್ತರವನನ್ನು ಪ್ರೀತಿಸಿ, ಮನೆಯವರು ಒಪ್ಪದಾಗ ಈ ಬಂಡೆಯಿಂದ ಹಾರಿದಳು. ಬೆಳದಿಂಗಳ ರಾತ್ರಿ ನೀರಿನಿಂದ ಎದ್ದು ಬರುತ್ತಾಳೆ, ಕೊರಳಲ್ಲಿ ಮುತ್ತಿನ ಹಾರ. "ಹಾರ ಒಂದೇ" ಎಂದು ಹೇಳಿ ನನ್ನ ಗಂಡನ ಮುಖ ನೋಡಿ ಸುಮ್ಮನಾದರು. ನನಗೆ ಅರ್ಥವಾಯಿತು, ಮಗಳಿಗೂ ಅರ್ಥವಾಯಿತು.

ಅಲ್ಲೇ ಬಂಡೆಯ ಮೇಲೆ ಬಿಳಿಯ ಜೋಡಿ ಮೂರ್ತಿಯೊಂದಿದೆ. ಬಂದವರೆಲ್ಲ ಅದನ್ನೇ ಪಾವ್ಲಾ ಮತ್ತು ಗಾಸ್ಪರ್ ಎಂದುಕೊಂಡು ಫೋಟೋ ಹೊಡೆಸಿಕೊಳ್ಳುತ್ತಾರೆ. ಅದು ಜರ್ಮನ್ ಶಿಲ್ಪಿ ಇರ್ಸಾ ಫಾನ್ ಲೈಸ್ಟ್ನರ್ 1969ರಲ್ಲಿ ಮಾಡಿದ 'ಇಮೇಜ್ ಆಫ್ ಇಂಡಿಯಾ'. ಪ್ರೇಮಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ದೋನಾ ಪಾವ್ಲಾ ಹದಿನೇಳನೆಯ ಶತಮಾನದಲ್ಲಿ ದೋಂ ಆಂತೋನಿಯು ಸೌತು ಮಾಯೋರ್ ಎಂಬ ಸಿರಿವಂತನ ಹೆಂಡತಿ. ಆ ಭಾಗದ ಜಮೀನು ಅವರದು, ಬಡವರಿಗೆ ಕೈಯೆತ್ತಿ ಕೊಟ್ಟವಳೆಂದು ಹೆಸರು, ಸತ್ತ ಮೇಲೆ ಊರಿನವರು ಊರಿಗೇ ಅವಳ ಹೆಸರಿಟ್ಟರು. ಅವಳ ಗೋರಿಕಲ್ಲು ಸನಿಹದ ಕಾಬೋ ಇಗರ್ಜಿಯಲ್ಲಿದೆ, ಈಗಿನ ರಾಜಭವನದ ಆವರಣದಲ್ಲಿ, ಸತ್ತದ್ದು 1682ರಲ್ಲಿ. ಹಾರಿದವಳಲ್ಲ.

ಇನ್ನೂ ಮಜಾ ಎಂದರೆ ಗಾಸ್ಪರ್ ದಿಯಾಸ್. ಪಣಜಿಯ ಮಿರಾಮಾರ್ ಕಡಲತೀರದ ಹಳೆಯ ಹೆಸರೇ ಗಾಸ್ಪರ್ ದಿಯಾಸ್. ಅಲ್ಲಿ ಆ ಹೆಸರಿನ ಒಂದು ಕೋಟೆಯೂ ಇತ್ತು. ಅಕ್ಕಪಕ್ಕದ ಎರಡು ಊರಿನ ಹೆಸರುಗಳನ್ನು ಗಂಟು ಹಾಕಿ ಯಾರೋ ಮದುವೆ ಮಾಡಿಸಿದ್ದಾರೆ. ಕಲಾಸಿಪಾಳ್ಯ ಮಲ್ಲೇಶ್ವರನನ್ನು ಪ್ರೀತಿಸಿ ಕೆರೆಗೆ ಹಾರಿದಂತೆ.

ನಗು ಬಂತು, ಬೇಸರವೂ ಆಯಿತು. ಗಂಡನ ಜೊತೆ ಬಾಳಿ, ಊರಿಗೆ ಅನ್ನ ಹಾಕಿ, ಹಾಸಿಗೆಯಲ್ಲಿ ಕಣ್ಣುಮುಚ್ಚಿದ ಹೆಂಗಸಿನ ಬಟ್ಟೆ ಬಿಚ್ಚಿ ಮುನ್ನೂರು ವರ್ಷದಿಂದ ಕಡಲಲ್ಲಿ ನಿಲ್ಲಿಸಿದ್ದೇವಲ್ಲ. ಒಳ್ಳೆಯವಳಾಗಿದ್ದಳು ಎಂಬುದು ನೆನಪಿಗೆ ಸಾಲದು, ಮುತ್ತಿನ ಹಾರ ಬೇಕು. ಅಂದು ಜೆಟ್ಟಿಯ ತುದಿಯಲ್ಲಿ ನಿಂತರೆ ಜುವಾರಿ ನದಿ ಕಡಲು ಸೇರುವ ಕಡೆ, ಆಚೆ ದಡದಲ್ಲಿ ಮುರ್ಮಗೋವಾ ಬಂದರಿನ ಹಡಗುಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಕಾಕಾ ಕೆಲಸಕ್ಕೆ ಹೋದ ಬಂದರು. ಹುಡುಕಲು ಹೋದವಳಲ್ಲ ನಾನು. ಆದರೂ ಆ ಮೂರು ದಿನ ತಲೆ ನರೆತ, ಎಡಗಾಲು ಸ್ವಲ್ಪ ಎಳೆದು ನಡೆಯುವ ಗಂಡಸರ ಮುಖವನ್ನೆಲ್ಲ ನೋಡಿದೆ. ಊರಿಗೆ ಬಂದು ಯಾರಿಗೂ ಹೇಳಲಿಲ್ಲ.

ನಮ್ಮ ವಿಜಯಪುರದಲ್ಲಿ ಲೆಕ್ಕ ಇನ್ನೂ ಘೋರ. ಊರ ಹೊರಗೆ ಸಾಠ್ ಕಬರ್ ಎಂಬ ಜಾಗವಿದೆ, ಹೆಸರೇ ಹೇಳುವಂತೆ ಅರವತ್ತು ಗೋರಿ. ಎಣಿಸಿದರೆ ಇನ್ನೂ ಎರಡು ಮೂರು ಹೆಚ್ಚು. ಕಪ್ಪು ಕಲ್ಲು, ಒಂದೇ ಅಳತೆ, ಸಾಲುಸಾಲು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್‌ಖಾನನಿಗೆ ಜ್ಯೋತಿಷಿ ನೀನು ತಿರುಗಿ ಬರುವುದಿಲ್ಲ ಎಂದನಂತೆ; ತನ್ನ ನಂತರ ಹೆಂಡಿರು ಬೇರೆಯವರ ಪಾಲಾಗಬಾರದೆಂದು ಅವರನ್ನೆಲ್ಲ ಬಾವಿಗೆ ತಳ್ಳಿಸಿ ಹೋದನಂತೆ. ಖಾನ ಆ ವರ್ಷ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಸತ್ತದ್ದು ಇತಿಹಾಸ. ಬಾವಿಯ ಕಥೆ ಜನರ ಬಾಯಿಯದು. ಬಾವಿ ಮಾತ್ರ ಅಲ್ಲೇ ಇದೆ. ಮರಾಠಿ ನೆಲದಲ್ಲಿ ಮಗುವಿಗೂ ಖಾನನ ಹೆಸರು ಗೊತ್ತು. ಆ ಅರವತ್ತು ಹೆಂಗಸರಲ್ಲಿ ಒಬ್ಬಳ ಹೆಸರು ಹೇಳಿ ಎಂದರೆ ವಿಜಯಪುರದಲ್ಲೇ ಹೇಳುವವರಿಲ್ಲ.

ಚಿಗವ್ವ ಹುಡುಗಿಯಾಗಿದ್ದಾಗ ಆ ಕಡೆ ಆಡು ಮೇಯಿಸಲು ಹೋಗುತ್ತಿದ್ದಳು. ಅಲ್ಲಿ ಏನಾದರೂ ಕಾಣಿಸುತ್ತಿತ್ತೇ ಎಂದು ಕೇಳಿದ್ದೆ. "ಕಲ್ಲು ಮಧ್ಯಾಹ್ನ ತಣ್ಣಗಿರುತ್ತಿತ್ತು, ಮಲಗುತ್ತಿದ್ದೆವು" ಎಂದಳು. ಹೆದರಿಕೆಯಾಗುತ್ತಿರಲಿಲ್ಲವೇ? "ಅಷ್ಟು ಮಂದಿ ಹೆಂಗಸರು ಇರುವ ಕಡೆ ಏನು ಹೆದರಿಕೆ, ತಂಗಿ?"

ಅವಳು ಊರಿಗೆ ಹೊರಡುವ ಹಿಂದಿನ ದಿನ ಸಂಜೆ ಪರ್ವತಿ ಗುಡ್ಡ ಹತ್ತಿಸಿದೆ. ನೂರಕ್ಕೆ ಮೂರು ಹೆಚ್ಚು ಮೆಟ್ಟಿಲು, ಎಣಿಸಿದ್ದು ಅವಳೇ. ಪೇಶ್ವೆ ನಾನಾಸಾಹೇಬ ಕಟ್ಟಿಸಿದ ದೇವಸ್ಥಾನ. ಪಾಣಿಪತದ ಸೋಲಿನ ಸುದ್ದಿಯ ಭಾರಕ್ಕೆ ಕುಸಿದು 1761ರ ಜೂನ್‌ನಲ್ಲಿ ಅವನು ಸತ್ತದ್ದೂ ಇದೇ ಗುಡ್ಡದ ಮೇಲೆ. ಕಟ್ಟೆಯ ಮೇಲೆ ಕುಳಿತರೆ ಊರು ಪೂರ್ತಿ ಕಾಣುತ್ತದೆ, ಅವಳು ಹೊಸ ಕಣ್ಣಿಂದ ಶನಿವಾರವಾಡೆ ಹುಡುಕುತ್ತಿದ್ದಳು. ಪಾಣಿಪತದ ಮಾತು ಬಂದದ್ದರಿಂದ ಪಾರ್ವತೀಬಾಯಿಯ ಕಥೆ ಬಾಯಿಗೆ ಬಂದುಬಿಟ್ಟಿತು. ಬೇಕೆಂದು ಹೇಳಿದ್ದಲ್ಲ. ಅರ್ಧಕ್ಕೆ ಬಂದ ಮೇಲೆ ಗೊತ್ತಾಯಿತು, ಆಗ ನಿಲ್ಲಿಸುವುದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಪಾರ್ವತೀಬಾಯಿ ಸದಾಶಿವರಾವ್ ಭಾವೂನ ಹೆಂಡತಿ. ಪಾಣಿಪತದ ದಂಡಿನ ನಾಯಕ ಅವನು, ಅವಳೂ ಜೊತೆಗೇ ಹೋಗಿದ್ದಳು. 1761ರ ಜನವರಿ 14ರಂದು ಅವನು ಶತ್ರುಗಳ ನಡುವೆ ಕುದುರೆ ನುಗ್ಗಿಸಿದ, ಮತ್ತೆ ಕಾಣಲಿಲ್ಲ. ಹೆಣಗಳ ರಾಶಿಯಲ್ಲಿ ತಲೆಯಿಲ್ಲದ ಒಂದು ದೇಹವನ್ನು ಅವನದೆಂದು ಗುರುತಿಸಿ ದಹನ ಮಾಡಿದರು. ಅವಳನ್ನು ಕೆಲವರು ಹೇಗೋ ಪಾರು ಮಾಡಿ ಪುಣೆಗೆ ತಂದರು. ಅವಳು ಆ ಹೆಣವನ್ನು ಒಪ್ಪಲಿಲ್ಲ. ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ, ತಲೆ ಬೋಳಿಸಿಕೊಳ್ಳಲಿಲ್ಲ. ಪೇಶ್ವೆಯರ ಮನೆಯಂಥ ಮನೆಯಲ್ಲಿ, ಶಾಸ್ತ್ರಿಗಳ ಊರಿನಲ್ಲಿ, 1783ರಲ್ಲಿ ಸಾಯುವವರೆಗೆ ಇಪ್ಪತ್ತೆರಡು ವರ್ಷ ಮುತ್ತೈದೆಯಾಗಿಯೇ ಇದ್ದಳು. ಗಂಗಾಬಾಯಿಯನ್ನು ಪುರಂದರಕ್ಕೆ ಒಯ್ದಾಗ ಜೊತೆಗೆ ಹೋದವಳೂ ಇವಳೇ: ಬಸುರಿ ವಿಧವೆಗೆ ಕುಂಕುಮವಿಟ್ಟ ಒಬ್ಬ ಕಾವಲು.

ಮಧ್ಯೆ ಒಬ್ಬ ಬಂದ. ನಾನೇ ಭಾವೂಸಾಹೇಬ ಎಂದ. ಮುಖ ಹಾಗೇ ಇತ್ತು ಎಂದವರಿದ್ದರು, ಕೊಂಕಣದಲ್ಲಿ ಸಾವಿರಾರು ಜನ ನಂಬಿ ಬೆನ್ನಿಗೆ ನಿಂತರು. ಮರಾಠಿಯಲ್ಲಿ ಅಂಥವನಿಗೆ ತೋತಯಾ ಎನ್ನುತ್ತಾರೆ, ವೇಷಧಾರಿ. ವಿಚಾರಣೆ ನಡೆಸಿ 1776ರ ಕೊನೆಗೆ ಪುಣೆಯಲ್ಲಿ ಅವನಿಗೆ ಮರಣದಂಡನೆ ಕೊಟ್ಟರು.

ಚಿಗವ್ವ ಬಹಳ ಹೊತ್ತು ಏನೂ ಹೇಳಲಿಲ್ಲ. ಕೆಳಗೆ ಸ್ವಾರಗೇಟಿನ ಕಡೆ ದೀಪಗಳು ಹತ್ತಿದ್ದವು. ಬಾಯಿ ತಪ್ಪಿ ಬೇಡದ್ದನ್ನು ಹೇಳಿದೆನಲ್ಲ ಎಂದು ನಾನು ಸೆರಗಿನ ತುದಿ ತಿರುವುತ್ತಾ ಕುಳಿತಿದ್ದೆ.

"ಆ ತೋತಯಾ ಬಂದನಲ್ಲ," ಎಂದಳು ಕೊನೆಗೆ, "ಅವಳು ನೋಡಲು ಹೋದಳೇ?"

ನಾನು ಬಾಯಿ ತೆರೆಯುವ ಮೊದಲೇ ತಾನೇ ಉತ್ತರ ಕೊಟ್ಟಳು. "ಹೋಗಿರುವುದಿಲ್ಲ ಬಿಡು. ಹೋದರೆ ಗೊತ್ತಾಗಿಬಿಡುತ್ತದಲ್ಲ."

ಆಮೇಲೆ ಎದ್ದು ಸೀರೆ ಕೊಡವಿಕೊಂಡು ಮೆಟ್ಟಿಲಿಳಿಯಲು ಹೊರಟಳು. ಇಳಿಯುವಾಗಲೂ ಎಣಿಸಿದಳು. ನಾಳೆಯ ವಿಜಯಪುರದ ಬಸ್ಸು ಎಷ್ಟು ಗಂಟೆಗೆ, ಕಿಟಕಿಯ ಪಕ್ಕ ಸಿಗುತ್ತದೆಯೇ, ಸದಾಶಿವ ಪೇಟೆಯ ಆ ಅಂಗಡಿ ಈಗ ಮುಚ್ಚಿರುತ್ತದೆಯೇ ಎಂದು ಕೇಳಿದಳು. ಮುಚ್ಚಿರಲಿಲ್ಲ.